ಆಳಂದದಿಂದ ಜೇವರ್ಗಿಗೆ: ಶಾಂತಕ್ಕ ಗೇರು ಆರಿಸಿದ್ದು

ಆಳಂದ ಬಿಟ್ಟಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕಟ್ಟೆಯ ಮೇಲೆ ನಿಂತೇ ಬಿಸಿ ಮಂಡಕ್ಕಿ ಸುಸಲಾ ತಿಂದು, ಚಹಾ ಕುಡಿದು, ನಾನೂ ಶಾಂತಕ್ಕನೂ ಸೈಕಲ್ ಹತ್ತಿದೆವು. ಮೊದಲ ದಿನ ಅಫಜಲಪುರ, ಮರುದಿನ ಭೀಮಾ ನದಿ ದಾಟಿ ಜೇವರ್ಗಿ. ದಿನಕ್ಕೆ ಸುಮಾರು ಅರವತ್ತು ಕಿಲೋಮೀಟರಿನ ದಾರಿ. ಡಿಸೆಂಬರಿನ ಚಳಿಗೆ ಕಿವಿ ಜುಮ್ಮೆನ್ನುತ್ತಿತ್ತು.

ಶಾಂತಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಒಂಬತ್ತು ವರ್ಷ ದೊಡ್ಡವಳು, ಜೇವರ್ಗಿಯಲ್ಲಿ ಹೈಸ್ಕೂಲ್ ಟೀಚರ್. ಅಪ್ಪನ ಸೈಕಲ್ಲಿನಲ್ಲಿ ನನಗೆ ಒಳಪೆಡಲು ಕಲಿಸಿದವಳು ಅವಳೇ. ನಲವತ್ತು ದಾಟಿದ ಮೇಲೆ ತೆಳು ಟೈರಿನ ರೋಡ್ ಬೈಕ್ ಕೊಂಡು, ಭಾನುವಾರ ಬಂತೆಂದರೆ ಯಡ್ರಾಮಿಯವರೆಗೆ ಹೋಗಿ ಬರುತ್ತಿದ್ದಳು. ಊರವರು ಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟು ನಿಲ್ಲುವುದು ಕಲಿತರು. ಎರಡು ವರ್ಷದಿಂದ ಅವಳ ಬಲಗೈ ಬೆರಳಿನ ಗಂಟುಗಳು ಬಾಯುತ್ತಿವೆ. ಸೈಕಲ್ ಬಿಡಬೇಕಿಲ್ಲ, ಆದರೆ ಬೆರಳಿಗೆ ಜೋರು ಹಾಕಬಾರದು ಎಂದು ಡಾಕ್ಟರು ಹೇಳಿದ್ದರು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ತನ್ನ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ಫೋನಿನಲ್ಲಿ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಸೈಕಲ್ಲಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅದನ್ನು ತಾಳಲಾಗದೆ ಆಳಂದಕ್ಕೆ ಕರೆಸಿಕೊಂಡೆ.

ನನ್ನ ಮನೆಯಲ್ಲಿ ಆಗ ಎರಡು ರೋಡ್ ಬೈಕುಗಳಿದ್ದವು. ಒಂದು ನನ್ನದು, ಅದರ ಗೇರು ತಂತಿಯದು. ಹ್ಯಾಂಡಲಿನ ಲಿವರ್ ತಳ್ಳಿದರೆ ಒಳಗಿನ ಉಕ್ಕಿನ ತಂತಿ ಜಗ್ಗಿ, ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟುತ್ತದೆ. ಜಗ್ಗುವ ಬಲವೆಲ್ಲ ಬೆರಳಿನದು. ಇನ್ನೊಂದು ಸೈಕಲ್ಲನ್ನು ಕಲಬುರಗಿಯ ಗೆಳತಿಯೊಬ್ಬಳು ಮಾರಲು ಇಟ್ಟಿದ್ದಳು, ಓಡಿಸಿ ನೋಡೆಂದು ನನಗೆ ಕೊಟ್ಟಿದ್ದಳು. ಅದರದು ಎಲೆಕ್ಟ್ರಾನಿಕ್ ಗೇರು. ಲಿವರಿನ ಪಕ್ಕದ ಗುಂಡಿ ಮುಟ್ಟಿದರೆ ಸಾಕು, ಬ್ಯಾಟರಿಯಿಂದ ಓಡುವ ಪುಟ್ಟ ಮೋಟರ್ ಚೈನನ್ನು ದಾಟಿಸುತ್ತದೆ. ಯಾವುದು ಅಕ್ಕನಿಗೆ, ಯಾವುದು ನನಗೆ ಎಂಬುದು ದಾರಿಯಲ್ಲಿ ತೀರ್ಮಾನವಾಗಲಿ ಎಂದುಕೊಂಡಿದ್ದೆ. ಅಕ್ಕ ಅದನ್ನೊಮ್ಮೆ ನೋಡಿ, "ಗುಂಡಿ ಒತ್ತಿ ಗೇರ್ ಹಾಕೂದಂದ್ರ ಲಿಫ್ಟಿನ್ಯಾಗ ನಿಂತಂಗ ಆಯ್ತು," ಎಂದು ತಂತಿಯ ಸೈಕಲ್ಲನ್ನೇ ಹಿಡಿದಳು.

ಬಿಸಿಲೇರಿದಂತೆ ದಾರಿ ಚೆಲುವಾಗುತ್ತ ಹೋಯಿತು. ಎರಡೂ ಬದಿಗೆ ಕಾಯಿ ತುಂಬಿದ ತೊಗರಿ, ನಡುನಡುವೆ ಎರೆಹೊಲದಲ್ಲಿ ಮೊಣಕಾಲೆತ್ತರದ ಬಿಳಿಜೋಳ. ಅಕ್ಕ ಮುಂದಿದ್ದಳು. ಅವಳು ಸೈಕಲ್ ತುಳಿಯುವುದನ್ನು ಹಿಂದಿನಿಂದ ನೋಡುವುದೇ ಒಂದು ಸುಖ. ಸೊಂಟ ಅಲುಗುವುದಿಲ್ಲ, ಕಾಲು ಮಾತ್ರ ಗಾಣದ ಹಾಗೆ ತಿರುಗುತ್ತಿರುತ್ತವೆ.

ಅಫಜಲಪುರ ತಾಲ್ಲೂಕು ಮುಟ್ಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಎರಡೆರಡು ಟ್ರೈಲರ್ ಕಟ್ಟಿಕೊಂಡು, ಹಾಡು ಹಾಕಿಕೊಂಡು ಹವಳಗಾದ ಸಕ್ಕರೆ ಕಾರ್ಖಾನೆಗೆ ಹೊರಟಿದ್ದವು. ಒಂದು ಏರಿನಲ್ಲಿ ಅಂಥದೊಂದರ ಪಕ್ಕ ಹೋಗುವಾಗ ಅಕ್ಕ ಹಗುರ ಗೇರಿಗೆ ಇಳಿಯಬೇಕಾಯಿತು. ಬಲಗೈ ಬೆರಳು ಲಿವರನ್ನು ತಳ್ಳಲಿಲ್ಲ. ಇನ್ನೊಮ್ಮೆ ತಳ್ಳಿ ನೋಡಿದಳು. ಆಮೇಲೆ ಎಡಗೈಯನ್ನು ಹ್ಯಾಂಡಲಿನ ಆಚೆ ಬದಿಗೆ ಚಾಚಿ, ಅಂಗೈಯಿಂದ ಬಲಗಡೆಯ ಲಿವರನ್ನು ನೂಕಿದಳು. ಸೈಕಲ್ ಓಲಾಡಿ ಟ್ರೈಲರಿನ ಗಾಲಿಯ ಕಡೆಗೇ ವಾಲಿತು. ನಾನು ಚೀರಿಬಿಟ್ಟೆ. ಅವಳು ಹೇಗೋ ಕಾಲು ಊರಿ ನಿಂತಳು.

ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಿ ಓಡಿ ಬಂದ. "ಅಕ್ಕಾರ, ಬಿದ್ರೇನ್ರಿ?"

"ಇಲ್ಲಪ್ಪ, ನಿಂತೇನಿ ನೋಡು," ಎಂದು ಅಕ್ಕ ನಕ್ಕಳು. ಅವನಿಗೆ ಸಮಾಧಾನವಾಗಲಿಲ್ಲ. ಹೊರೆಯಿಂದ ಎರಡು ಕಬ್ಬಿನ ಗಳ ಎಳೆದು, ಮುರಿದು ಇಬ್ಬರ ಕೈಗೂ ಕೊಟ್ಟು, "ತಿನ್ರಿ, ಎದಿ ಹಗುರಾಗ್ತದ," ಎಂದು ಹೋದ. ನಾನು ಸಿಗಿದು ತಿಂದೆ. ಅಕ್ಕ ತನ್ನ ಪಾಲಿನದನ್ನು ಬಲಗೈಯಲ್ಲಿ ಹಿಡಿಯಲು ನೋಡಿ, ಹಿಡಿಯಲಾಗದೆ ಚೀಲಕ್ಕೆ ಸೇರಿಸಿದಳು.

ಅಫಜಲಪುರದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಕ್ಕ ಎಡಗೈಯಿಂದ ರೊಟ್ಟಿ ಮುರಿದು ಬಲಗೈಯಿಂದ ತಿನ್ನುತ್ತಿದ್ದಳು. ಕೊನೆಗೆ ಅವಳೇ, "ಸುಮಾ, ನಾಳಿ ನಿನ್ ಸೈಕಲ್ ನೀ ಹೊಡಿ," ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿತ್ತೆಂಬುದು ಅವಳು ಮಜ್ಜಿಗೆ ಬೇಡವೆಂದು ಎದ್ದಾಗ ತಿಳಿಯಿತು.

ಎರಡನೆಯ ದಿನದ ಬೆಳಗನ್ನು ನಾನು ಮರೆಯಲಾರೆ. ಊರು ದಾಟಿ ಮೊದಲ ಇಳಿಜಾರಿಗೆ ಅಕ್ಕ ಗುಂಡಿ ಮುಟ್ಟಿದಳು. ಜಿಂಯ್ ಎಂದು ಸಣ್ಣ ಸದ್ದಾಯಿತು, ಚೈನು ಬೆಣ್ಣೆಯಲ್ಲಿ ಚಾಕು ಇಳಿದಂತೆ ದಾಟಿತು. ಇನ್ನೊಮ್ಮೆ ಮುಟ್ಟಿದಳು. ಏರು ಬಂದಾಗ ತುಳಿಯುತ್ತಲೇ ಇಳಿಸಿದಳು. ಸಮದಾರಿಯಲ್ಲೂ ಸುಮ್ಮನೆ ಏರಿಸಿ ಇಳಿಸಿ, "ಏ ಸುಮಾ, ನೋಡ್ ಬೇ, ಬಟ್ಟು ಮುಟ್ಟಿದ್ದಷ್ಟ!" ಎಂದು ಬೆರಳೆತ್ತಿ ಕೂಗಿದಳು. ಸೈಕಲ್ ಕಲಿಸುತ್ತಿದ್ದ ಕಾಲದ ದನಿ ಅದು. ನನ್ನ ಕಣ್ಣು ತುಂಬಿ ಬಂತು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ನಮ್ಮ ಬ್ಯಾಟರಿಯ ಮಾತು ಕೇಳಿ ಅಂಗಡಿಯ ಮುದುಕ ಸೈಕಲ್ಲನ್ನು ಸುತ್ತಿ ನೋಡಿದ. "ಬ್ಯಾಟರಿ ಸೈಕಲ್ ಅಂತೀರಿ, ಮತ್ತ ಪೆಡಲ್ ಯಾಕ ತುಳೀತೀರಿ?"

"ಬ್ಯಾಟರಿ ಗೇರಿಗಷ್ಟ ಅದರಿ. ಕಾಲಿಗೆ ಮುಂಜಾನಿ ತಿಂದ ಉಪ್ಪಿಟ್ಟ," ಎಂದಳು ಅಕ್ಕ. ಮುದುಕ ಹೊಟ್ಟೆ ಹಿಡಿದು ನಕ್ಕ.

ಭೀಮಾ ಸೇತುವೆ ದಾಟಿದ ಮೇಲೆ ಮೂಡಗಾಳಿ ಎದುರಾಯಿತು. ಅಲ್ಲೇ ಸ್ವಲ್ಪ ಮುಂದೆ ಮೊದಲು ಪೆಡಲಿನ ಬಳಿಯ ಮುಂದಿನ ಗೇರು ನಿಂತಿತು, ಆಮೇಲೆ ಹಿಂದಿನ ಗಾಲಿಯದು. ಗುಂಡಿ ಒತ್ತಿದರೆ ಸದ್ದೇ ಇಲ್ಲ. ರಾತ್ರಿ ಅಫಜಲಪುರದ ಲಾಡ್ಜಿನಲ್ಲಿ ಸೈಕಲ್ ಒರಗಿಸಿದ್ದಾಗ ಗುಂಡಿ ಗೋಡೆಗೆ ಅದುಮಿಕೊಂಡು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಮುಕ್ಕಾಲು ಬಸಿದುಹೋಗಿರಬೇಕು. ಚೈನು ಭಾರದ ಗೇರಿನಲ್ಲೇ ಸಿಕ್ಕಿಕೊಂಡಿತ್ತು. ಎದುರುಗಾಳಿಯಲ್ಲಿ ಅದನ್ನು ತುಳಿಯುವುದು ಕೆಸರಿನಲ್ಲಿ ಬಂಡಿ ಎಳೆದಂತೆ. ನನಗೆ ಅಳುವೇ ಬಂತು. ಇವಳಿಗೆ ಸೈಕಲ್ ತಿರುಗಿ ಕೊಡಿಸಲು ಹೋಗಿ ಇದ್ದ ಆಸೆಯನ್ನೂ ಕೊಂದೆನೇ ಅನ್ನಿಸಿತು.

"ಅಕ್ಕಾ, ಅದನ್ನ ನನಗ ಕೊಡು," ಎಂದೆ.

"ನೀ ನಿಂದ ಹೊಡಿ. ಗೇರ್ ನಿಂತದ, ನಾ ನಿಂತಿಲ್ಲ," ಎಂದು ಅವಳು ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ ತುಳಿಯತೊಡಗಿದಳು. ಕುತ್ತಿಗೆಯ ನರ ಉಬ್ಬಿದವು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಏರಿನಲ್ಲಿ ಇಳಿದು ನೂಕಿದಳು, ಸಮ ಬಂದ ಕೂಡಲೇ ಮತ್ತೆ ಹತ್ತಿದಳು. ಹಗುರ ಗೇರಿನಲ್ಲಿದ್ದ ನಾನೇ ಹಿಂದೆ ಬೀಳುತ್ತಿದ್ದೆ.

ರಸ್ತೆ ಪಕ್ಕದ ಒಂದು ಮನೆಯ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ಹೆಂಗಸು ನಮ್ಮನ್ನು ಕಂಡು ಕೈಬೀಸಿದಳು. ಚಾರ್ಜ್ ಮಾಡಬೇಕಿತ್ತು ಎಂದೆ. "ಫೋನಿಗೇನ್ರಿ?" ಎಂದಳು. ಸೈಕಲ್ಲಿಗೆ ಎಂದಾಗ ಒಂದು ಗಳಿಗೆ ನೋಡಿ, ಬಾಗಿಲ ಬಳಿಯ ಪ್ಲಗ್ಗಿನಿಂದ ತನ್ನ ಫೋನು ಕಿತ್ತು, "ಹಚ್ರಿ ಅಕ್ಕಾರ. ಕರೆಂಟ್ ಇದ್ದಾಗ ಹಚ್ಕೋಬೇಕು," ಎಂದಳು. ಸೈಕಲ್ಲನ್ನು ಹೊಸ್ತಿಲಿಗೆ ತಂದು, ಚೀಲದಲ್ಲಿದ್ದ ಅದರ ವಾಯರ್ ಜೋಡಿಸಿದೆವು. ಅದು ಚಾರ್ಜ್ ಆಗುವಷ್ಟರಲ್ಲಿ ಅವಳು ರೊಟ್ಟಿ, ಕೆನೆಮೊಸರು ಕೊಟ್ಟಳು. ಅಕ್ಕ ಕೂತಲ್ಲೇ ಮೊರ ಎಳೆದುಕೊಂಡು ಎಡಗೈಯಿಂದ ತೊಗರಿಯ ಕಸ ಆರಿಸಿದಳು. ಹೊರಡುವಾಗ ಗುಂಡಿ ಮುಟ್ಟಿದರೆ ಜಿಂಯ್ ಎಂದಿತು. ಆ ಹೆಂಗಸೂ ಒಮ್ಮೆ ಮುಟ್ಟಿ ನೋಡಿ, ಬೆರಳು ಸುಟ್ಟವಳಂತೆ ಕೈ ಹಿಂದೆಳೆದು ನಕ್ಕಳು.

ಬಿಸಿಲು ಇಳಿಯುವ ಮುನ್ನ ಜೇವರ್ಗಿ ಮುಟ್ಟಿದೆವು. ಅಕ್ಕನ ಮನೆಯಲ್ಲಿ ಕೈಕಾಲು ತೊಳೆದು ಕೂತ ಮೇಲೆ ನಾನೇ ಮಾತು ತೆಗೆದೆ. "ಅದನ್ನ ವಾಪಸ್ ಕೊಟ್ಟುಬಿಡ್ತೇನಿ. ನಡುದಾರಿಗೆ ಕೈಬಿಡೂ ಗೇರು ಯಾತಕ್ಕ?"

ಅಕ್ಕ ಬೆರಳುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂತಿದ್ದಳು. "ತಂತಿ ಕಡಿಯಂಗಿಲ್ಲೇನು? ಎಲ್ಲಾದಕ್ಕೂ ಒಂದು ದಿನ ಅದ. ಬ್ಯಾಟರಿ ಸತ್ರ ಚಾರ್ಜ್ ಮಾಡ್ಬಹುದು. ಈ ಬಟ್ಟಿಗಿ ಎಲ್ಲಿ ಚಾರ್ಜ್ ಮಾಡಸ್ಲಿ? ನಿನ್ನಿ ಎಡಗೈ ಚಾಚಿದಾಗ ಭಾಳ ಅಂಜಿದ್ದೆ ಸುಮಾ. ಇವತ್ತು ಕಾಲು ನೋವಾಗ್ಯಾವ, ಅಂಜಿಕಿ ಆಗಿಲ್ಲ. ಅದನ್ನ ನಾ ಕೊಂಡು ಇಟ್ಕೋತೇನಿ."

ನನಗೆ ತಂತಿಯದೇ ಇರಲಿ ಅನ್ನಿಸಿತು. ಅದರ ಟಕ್ ಎನ್ನುವ ಸದ್ದು ಬೆರಳಿಗೆ ತಿಳಿಯುತ್ತದೆ, ಸಡಿಲವಾದರೆ ನಾನೇ ಬಿಗಿಯಬಲ್ಲೆ. ನನ್ನ ಬೆರಳು ಗಟ್ಟಿ ಇರುವವರೆಗೆ ಸಾಕು.

ಮರುದಿನ ಬೆಳಿಗ್ಗೆ ನನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿ, ಆಳಂದಕ್ಕೆ ಮರಳಲು ಕಲಬುರಗಿಯ ದಾರಿ ಹಿಡಿದೆ. ಅಕ್ಕ ಆ ದಾರಿಗೂ ಅಡ್ಡ ಬರುವ ಭೀಮಾ ನದಿಯವರೆಗೆ ಬರುತ್ತೇನೆಂದು ಮೊದಲೇ ಹೊರಟಿದ್ದಳು. ಸೇತುವೆ ಹತ್ತಿರವಾದಾಗ ಬಸ್ಸು ಅವಳನ್ನು ಹಿಂದೆ ಹಾಕಿತು. ನಾನು ಕಿಟಕಿಯಿಂದ ಕೈ ಹೊರಹಾಕಿ ಕೂಗಿದೆ. ಅವಳು ಕೈಯೆತ್ತಲಿಲ್ಲ. ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಬಲಗೈಯ ಒಂದು ಬೆರಳು ಮಾತ್ರ ಅಲುಗಿತು, ಕಾಲು ಚುರುಕಾದವು, ಗಾಳಿಯಲ್ಲಿ ತಲೆ ತಗ್ಗಿಸಿ ಅವಳು ಬಸ್ಸಿನ ಬೆನ್ನು ಹತ್ತಿ ಬರುತ್ತಿದ್ದಳು.