ದೊಡ್ಡಕ್ಕನ ಶನಿವಾರ

ಬುಸಾನಿನ ನಮ್ಮ ಕಾರ್ಖಾನೆಯಲ್ಲಿ ಮೀನನ್ನು ಅರೆದು, ಬಿಲ್ಲೆ ತಟ್ಟಿ ಕರಿಯುತ್ತೇವೆ. ಬಾಣಲೆಯ ಮುಂದೆ ನಿಲ್ಲುವವಳು ಕ್ವಾಕ್ ಒಕ್‌ಬುನ್. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳು, ಹಾಗಾಗಿ ಎಲ್ಲರ ಬಾಯಲ್ಲೂ ದೊಡ್ಡಕ್ಕ. ಬೈಗುಳದಲ್ಲೂ ಧಾರಾಳಿ, ತಂದ ಬುತ್ತಿ ಹಂಚುವುದರಲ್ಲೂ ಧಾರಾಳಿ.

ಹೊಸ ವರ್ಷದ ಹಬ್ಬ ಹತ್ತಿರವಾದರೆ ಕೆಲಸ ಮೈಮೇಲೆ ಬೀಳುತ್ತದೆ. ವಾರಕ್ಕೆ ಐವತ್ತೆರಡು ಗಂಟೆ ದಾಟಿ ದುಡಿಸಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಅದಕ್ಕೂ ಮೊದಲು ಒಬ್ಬೊಬ್ಬರೂ ಒಪ್ಪಿ ಸಹಿ ಹಾಕಬೇಕು. ಸಹಿ ಹಿರಿಯರಿಂದಲೇ ಶುರುವಾಗುವುದು ನಮ್ಮಲ್ಲಿ ವಾಡಿಕೆ. ದೊಡ್ಡಕ್ಕ ಹಾಕಿದ ಮೇಲೆ ನಾವು ತುಟಿಪಿಟಕ್ಕೆನ್ನದೆ ಹಾಕುತ್ತಿದ್ದೆವು. ಹಿರಿಯಳೇ ಬಾಣಲೆ ಮುಂದೆ ಬೇಯುತ್ತಿರುವಾಗ ಕಿರಿಯರು ಮನೆ ಕಡೆ ಮುಖ ಮಾಡುವುದುಂಟೆ?

ಹೋದ ವರ್ಷ ಆ ಸಹಿಯಿಂದ ಆಕೆಗೆ ಶನಿವಾರಗಳು ತಪ್ಪಿದವು. ಗಂಡ ಮನ್‌ಸಿಕ್ ಒಂದು ಕಾಲಕ್ಕೆ ದೋಣಿಯಲ್ಲಿ ಬಲೆ ಎಳೆದ ಕಟ್ಟಾಳು. ಈಗ ಮರೆವಿನ ರೋಗ ಹತ್ತಿ ವೃದ್ಧರ ಆಸ್ಪತ್ರೆಯಲ್ಲಿದ್ದಾನೆ. ಪ್ರತಿ ಶನಿವಾರ ಈಕೆ ಹೋಗಿ ಗಂಜಿ ಉಣ್ಣಿಸಿ ಬರುತ್ತಾಳೆ. ಹಬ್ಬ ಕಳೆದ ಮೇಲೆ ಹೋದರೆ ಅವನು, "ಯಾರಮ್ಮ ನೀವು?" ಎಂದು ಕೇಳಿ ಬಾಯಿ ಬಿಗಿದು ಕುಳಿತನಂತೆ. ಮತ್ತೆ ಗುರುತು ಹತ್ತುವ ಹೊತ್ತಿಗೆ ಬೇಸಿಗೆ ಬಂದಿತ್ತು. ಇನ್ನೊಮ್ಮೆ ಮರೆತರೆ ಮರಳುವುದು ಕಷ್ಟವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ಈ ವರ್ಷವೂ ಯಜಮಾನ ಚೊನ್ ಕಾಗದ ತಂದಿಟ್ಟ. ದೊಡ್ಡಕ್ಕ ಪೆನ್ನು ಎತ್ತಿದಳು, ಹಾಗೇ ಕೆಳಗಿಟ್ಟಳು.

"ಯಜಮಾನ್ರೇ, ಈ ಸಲ ನನ್ ಕೈಲಾಗಲ್ಲ. ನಂಗೆ ಶನಿವಾರ ಬೇಕು. ಈ ಹುಡುಗೀರಿಗೆ ನಾಲ್ಕು ಕಾಸು ಸಿಗ್ಲಿ ಅಂತ ಇಷ್ಟು ವರ್ಷ ಹಾಕ್ದೆ."

ನಾವು ಮುಖ ಮುಖ ನೋಡಿಕೊಂಡೆವು. ಮೀನು ಅರೆಯುವ ಮಲ್‌ಸುನ್ ಕೈಗವಸು ಕಿತ್ತಿಟ್ಟಳು.

"ನಮಗೋಸ್ಕರ ಹಾಕಿದ್ಯಾ ದೊಡ್ಡಕ್ಕ? ನೀನು ಹಾಕ್ದೆ ಅಂತ ತಾನೆ ನಾವು ಹಾಕಿದ್ದು. ನಿನ್ನ ಪುಣ್ಯದಿಂದ ನನ್ನ ಸೊಂಟವೇ ಬಿದ್ದುಹೋಯ್ತು ನೋಡು."

ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಚೊಂಗ್‌ನ್ಯೊ ಒಬ್ಬಳು ನಗಲಿಲ್ಲ. ಮಗಳ ಫೀಸಿಗೆ ಆ ದುಡ್ಡನ್ನೇ ನಂಬಿಕೊಂಡಿದ್ದೆ ಎಂದಳು. ಕಾನೂನಿನ ಮಿತಿಯೊಳಗೆ ಎಷ್ಟು ಹೆಚ್ಚು ಹೊತ್ತಿನ ಕೆಲಸ ಸಿಕ್ಕರೂ ಮೊದಲು ಅವಳಿಗೇ ಎಂದು ಎಲ್ಲರೂ ಒಪ್ಪಿದೆವು. ಅವಳ ಮುಖ ಅರ್ಧ ಅರಳಿತು.

ಬಯ್ಯುತ್ತಾನೆಂದುಕೊಂಡಿದ್ದ ಯಜಮಾನ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಹೆಚ್ಚಿನ ಸಂಬಳ ಇಲ್ಲದಿದ್ದರೆ ನಾವು ಪಕ್ಕದ ಕಾರ್ಖಾನೆಗೆ ಹಾರಿಬಿಡುತ್ತೇವೆಂಬ ಹೆದರಿಕೆಯಿಂದಲೇ ವ್ಯಾಪಾರಿಗಳಿಂದ ಕೈಮೀರಿ ಬೇಡಿಕೆ ಒಪ್ಪಿಕೊಳ್ಳುತ್ತಿದ್ದನಂತೆ. ಹೋದ ವರ್ಷ ದುಡಿದು ದಣಿದು, ಹಬ್ಬದ ದಿನ ಪೂಜೆಗೆ ನಿಂತು ಅಲ್ಲೇ ತೂಕಡಿಸಿ ಹೆಂಡತಿಯ ಕೈಲಿ ಬೈಸಿಕೊಂಡದ್ದನ್ನೂ ಹೇಳಿದ. ಅಲ್ಲೇ ಕುಳಿತು ವ್ಯಾಪಾರಿಗಳಿಗೆ ಫೋನು ಹಚ್ಚಿ, ಈ ಸಲ ಅರ್ಧ ಮಾಲು ಅಷ್ಟೇ ಎಂದ. ಆ ಕಡೆಯವರ ಕೂಗಾಟ ನಮಗೂ ಕೇಳಿಸಿತು. ಆತ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡ.

ಹಬ್ಬ ಕಳೆದ ಸೋಮವಾರ ದೊಡ್ಡಕ್ಕ ಬಂದವಳೇ ಏಪ್ರನ್ನು ಕಟ್ಟಿಕೊಳ್ಳುವುದನ್ನೂ ಮರೆತು ಹೇಳಿದಳು:

"ಬೈದ ಕಣ್ರೇ. 'ಒಕ್‌ಬುನ್, ಇಷ್ಟು ವಯಸ್ಸಾದ್ರೂ ಗಂಜಿಗೆ ಉಪ್ಪು ಹಾಕೋದು ಕಲೀಲಿಲ್ವಲ್ಲೇ' ಅಂತ, ಹೆಸರು ಹಿಡಿದೇ ಬೈದ."