ಮೀಸೆ ಇಲ್ಲದ ಹುತಾತ್ಮ

ಮಿರಜಿನ ಹತ್ತಿರದ ಆರಗದ ಆಚೆ, ನನ್ನ ಅವ್ವನ ತವರೂರಿನ ಹೊರಗೆ, ಕಬ್ಬಿನ ಹೊಲಗಳ ನಡುವೆ ಒಂದು ಕಲ್ಲಿನ ಕಂಬವಿದೆ. ಸ್ವಾತಂತ್ರ್ಯ ಚಳವಳಿಯಲ್ಲಿ ಬಾವುಟ ಹಿಡಿದು ಹೊರಟ ಅವ್ವನ ಅಪ್ಪ ಪೊಲೀಸರ ಗುಂಡು ತಗುಲಿ ಸತ್ತು ಬಿದ್ದ ಜಾಗ ಅದು. ಆಗ ಅವ್ವ ಇನ್ನೂ ಹೊಟ್ಟೆಯಲ್ಲಿದ್ದಳು. ಊರವರು ಪ್ರತಿ ಆಗಸ್ಟಿನಲ್ಲಿ ಕಂಬಕ್ಕೆ ಹಾರ ಹಾಕುತ್ತಾರೆ, ಭಾಷಣ ಬಿಗಿಯುತ್ತಾರೆ. ಅವ್ವ ಮಾತ್ರ ಒಮ್ಮೆಯೂ ಹೋದವಳಲ್ಲ.

"ಬಸುರಿ ಹೆಂಡ್ತೀನ ಬಿಟ್ಟು ಹೋದಾಂವಗ ನಾ ಯಾಕ ಹಾರ ಹಾಕ್ಲಿ?" ಎನ್ನುತ್ತಿದ್ದಳು.

ಅಷ್ಟು ಸಿಟ್ಟಿದ್ದರೂ ಆಸೆಯೊಂದಿತ್ತು. ಅಪ್ಪನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಆ ಮುಖ ಹೇಗಿತ್ತೆಂದು ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂಬುದು ಅವಳ ಒಂದೇ ಹಂಬಲ.

ಹೋದ ವರ್ಷ ಊರಿನ ಸಮಿತಿಯವರು ಕಂಬದ ಪಕ್ಕ ಪುತ್ಥಳಿ ನಿಲ್ಲಿಸುವ ಹಟ ಹಿಡಿದರು. ಅವ್ವನನ್ನು ಮರಾಠಿ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವ ಅಧ್ಯಕ್ಷರು ಸಾಂಗ್ಲಿಯ ನಮ್ಮ ಅರಿಸಿನದ ಅಂಗಡಿಗೆ ಬಂದು, ಚಹಾ ಕುಡಿದು, "ಮಿರಜಿನ್ಯಾಗ ಮಣ್ಣಿನ ಮೂರ್ತಿ ತಯಾರ ಆಗೇತ್ರಿ. ಮಾವಶಿ ಬಂದು ನೋಡಿ ಹೂಂ ಅಂದ್ರ ಎರಕ ಹೊಯ್ಯೂದು" ಎಂದರು. ಎಂದೂ ನೋಡದ ಮುಖಕ್ಕೆ ಅವ್ವ ಯಾವ ಬಾಯಿಂದ ಹೂಂ ಅನ್ನಬೇಕು? ನನಗೆ ಮೈ ಉರಿಯಿತು. ಅವ್ವ ನೋಡಿದರೆ ಆಗಲೇ ಅದುವರೆಗೆ ಮಡಿಕೆ ಮುರಿಯದಿದ್ದ ಹೊಸ ಸೀರೆ ಉಟ್ಟು, ರಿಕ್ಷಾ ತರಿಸೆಂದು ಕೂತಿದ್ದಳು.

ಮೂರ್ತಿಕಾರ ತನ್ನ ಶೆಡ್ಡಿನಲ್ಲಿ ಒದ್ದೆ ಬಟ್ಟೆ ಸರಿಸಿದ. ದೊಡ್ಡ ರುಮಾಲು, ಹುರಿ ಮೀಸೆ, ಗಂಟಿಕ್ಕಿದ ಹುಬ್ಬು. ಯಾವ ಊರಿನ ಚೌಕದಲ್ಲಾದರೂ ನಿಲ್ಲಿಸಬಹುದಾದ ಆಸಾಮಿ. ಅವ್ವ ಒಂದು ಸುತ್ತು ಬಂದಳು.

"ಮೀಸಿ ತಗೀರಿ. ಅವಗ ಇನ್ನೂ ಮೀಸಿ ಮೂಡಿರಲಿಲ್ಲಂತ ನಮ್ಮವ್ವ ಹೇಳ್ತಿದ್ಲು."

"ಹುತಾತ್ಮ ಅಂದಮ್ಯಾಲ ಮೀಸಿ ಬ್ಯಾಡೇನ್ರಿ, ಮಾವಶಿ?" ಜೊತೆಗೆ ಬಂದಿದ್ದ ಅಧ್ಯಕ್ಷರು ರಾಗ ಎಳೆದರು.

"ನಿಮ್ಮ ಮೀಸಿ ನೀವ ಇಟ್ಕೋರಿ. ನಮ್ಮಪ್ಪಂದು ತಗೀರಿ."

ಮೂರ್ತಿಕಾರ ನಗು ತಡೆದುಕೊಂಡು ಹೆಬ್ಬೆರಳಿನಿಂದ ಮೀಸೆ ಒರೆಸಿದ. ರುಮಾಲು ಕಿತ್ತ. ಹುಬ್ಬಿನ ಗಂಟು ಸಡಿಲಿಸಿ ಕೆನ್ನೆಯ ಗೆರೆಗಳಿಗೆ ಮಣ್ಣು ತುಂಬಿದ. ಹೋಲಿಕೆ ದೇವರಿಗೇ ಗೊತ್ತು. ವಯಸ್ಸು ಮಾತ್ರ ಸರಿಹೋಯಿತು. ನನ್ನ ಕಿರಿಯ ಮಗನಿಗಿಂತ ಸಣ್ಣವನೊಬ್ಬ ಅಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದ.

ಅವ್ವ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಇಷ್ಟ ಸಣ್ಣಾಂವ ಇದ್ದನೇನ?" ಎಂದು ನನ್ನನ್ನು ಕೇಳಿದಳು, ನಾನೇನೋ ಅವನನ್ನು ಕಂಡಿದ್ದೆನೆಂಬಂತೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇವಗೇನ ತಿಳೀತಿತ್ತು ಪಾಪ. ಇಂಥಾ ಹುಡುಗಗ ನಾ ಜಲ್ಮಪೂರ್ತಿ ಬೈದ್ನಲ್ಲ" ಎಂದಳು.

ಅಜ್ಜ ಎಂದರೆ ನಾನೂ ಇಷ್ಟು ದಿನ ಮುದುಕನನ್ನೇ ನೆನೆಯುತ್ತಿದ್ದೆ.

ಎರಕಕ್ಕೆ ಅವ್ವ ಹೂಂ ಅಂದಳು. ಮಣ್ಣು ಒಣಗಿ ಬಿರುಕು ಬಿಡಬಾರದೆಂದು ಮೂರ್ತಿಕಾರ ಮತ್ತೆ ಒದ್ದೆ ಬಟ್ಟೆ ಎತ್ತಿಕೊಂಡ. ಅವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಹೊದಿಸಿದಳು. ಎರಡೂ ಬದಿ ಒತ್ತಿ, ಕುತ್ತಿಗೆಯವರೆಗೆ ತಂದು ನಿಲ್ಲಿಸಿದಳು.

"ಪೂರಾ ಮುಚ್ಚಬೇಕ್ರಿ, ಅಜ್ಜಿ" ಎಂದ ಅವನು.

"ಮಾರಿ ಮುಚ್ಚಬ್ಯಾಡಪಾ, ಉಸರ ಕಟ್ಟತೈತಿ."

ನಾವು ರಿಕ್ಷಾ ಹತ್ತುವವರೆಗೂ ಅವನು ಆ ಬಟ್ಟೆ ಮುಟ್ಟಲಿಲ್ಲ.