ಬಿಲದ ಬಾಯಿಗೆ ಮೂಗಿಟ್ಟ ಕಾಕಾ

ಮೊನ್ನೆ ಭತ್ತದ ಕೋಣೆಯಲ್ಲಿ ಹಳೆಯ ಚೀಲ ಎತ್ತಿದೆ. ಅಡಿಯಲ್ಲಿ ಇಲಿಹಿಕ್ಕೆ, ಮುಗ್ಗಿದ ಭತ್ತ. ಆ ಹುಳಿ ಹುಳಿ ವಾಸನೆ ಮೂಗಿಗೆ ಬಡಿಯಿತು. ಗುಡಿಸಲು ಕಸಬರಿಗೆ ಹಿಡಿದೆ. ಡಾಕ್ಟರಿಕೆ ಓದುತ್ತಿರುವ ನನ್ನ ಮೊಮ್ಮಗಳು ಬಾಗಿಲಿನಿಂದಲೇ ಕೂಗಿದಳು.

"ಅಜ್ಜಾ, ಒಣಾದು ಹಂಗ ಉಡುಗಬ್ಯಾಡ! ಮೊದ್ಲು ಬ್ಲೀಚಿಂಗ್ ನೀರು ಹಾಕು. ಆ ಧೂಳು ಮೂಗಿನಾಗ ಹೋದ್ರ ಜಡ್ಡು ಬರ್ತೈತಿ."

ಧೂಳು... ಮೂಗು... ನಮ್ಮ ಬಾಜು ಮನೆಯ ಕಾಕಾ ಕಣ್ಣ ಮುಂದೆ ಬಂದು ನಿಂತ.

ಎಂಬತ್ತರ ದಶಕದ ಆರಂಭದ ಮಾತು. ಆಗ ನಾವು ವಳಕಮದಿನ್ನಿಯಲ್ಲಿದ್ದೆವು. ನನಗೆ ಹೊಸದಾಗಿ ಮದುವೆಯಾಗಿತ್ತು. ಭತ್ತ ಕೊಯ್ದ ಮೇಲೆ ಬದುವಿನ ಇಲಿಬಿಲ ಅಗೆಯುವುದೆಂದರೆ ನಮಗೆ ಹಬ್ಬ. ಇಲಿ ಕದ್ದಿಟ್ಟ ತೆನೆಯೆಲ್ಲ ಅಗೆದವರಿಗೆ. ಕಾಕಾ ಬೋರಲು ಮಲಗಿ, ಬಿಲದ ಬಾಯಿಗೆ ಮೂಗಿಟ್ಟು, ಜೋರಾಗಿ ಉಸಿರೆಳೆದು ಹೇಳುತ್ತಿದ್ದ:

"ಅಗಿಯಲೇ! ಒಳಗ ದೊಡ್ಡ ಸಾವ್ಕಾರ ಅದಾನ!"

ಎದ್ದಾಗ ಮೀಸೆ ತುಂಬ ಮಣ್ಣು. ನಾನು ಹಿಂದೆ ಇಲಿ ಹೊರಗೋಡಿಸುವ ಹೊಗೆ ಗಡಿಗೆ ಹಿಡಿದು ನಗುತ್ತಿದ್ದೆ.

ಅಂಥ ಎತ್ತಿನಂಥ ಆಳಿಗೆ ಒಂದು ಸುಗ್ಗಿಯಲ್ಲಿ ಜ್ವರ ಬಂತು. ಕಣ್ಣು ಕೆಂಪಾದವು, ಮುಖ ಬಾತಿತು, ಮೂತ್ರ ಕಟ್ಟಿತು. ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ಒಯ್ದೆವು... ತಿರುಗಿ ಬರಲಿಲ್ಲ.

"ಗಣಪ್ಪನ ವಾಹನಕ್ಕ ಕೈ ಹಚ್ಚಿದ. ಗಣಪ್ಪ ಬಿಡ್ತಾನೇನು?" ಅಂದಿತು ಊರು. ಅವನ ಹೆಂಡತಿ, ನಮ್ಮ ಚಿಗವ್ವ, ಅದನ್ನೇ ನಂಬಿದಳು. ಅಂದಿನಿಂದ ಪ್ರತಿ ಮಂಗಳವಾರ ಬಾಗಿಲ ಹಿಂದೆ ಇಲಿಗಳಿಗೆ ಒಂದು ತಟ್ಟೆ ಭತ್ತ ಇಟ್ಟು, ಸತ್ತ ಗಂಡನ ಪರವಾಗಿ ಕ್ಷಮೆ ಕೇಳುತ್ತಾ ಬಂದಳು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ನನ್ನನ್ನು ಕೂಡಿಸಿ ಬಿಡಿಸಿ ತಿಳಿಸಿದಳು. ಇಲಿಯ ಹಿಕ್ಕೆ, ಉಚ್ಚೆಯ ಧೂಳಿನ ಜೊತೆ ಹಂತಾ ಎಂಬ ವೈರಸ್ ಮೂಗಿನಿಂದ ಒಳಗೆ ಬರುತ್ತದಂತೆ. ಬಂದು ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುತ್ತದಂತೆ. ವೈರಸ್ ತಾನಾಗಿ ಆ ಗೋಡೆ ಒಡೆಯುವುದು ಕಡಿಮೆಯಂತೆ. ಅದನ್ನು ಹೊಡೆಯಲು ಮೈ ಕಾಯುವ ಬಿಳಿ ಕಣಗಳು ದಂಡುಗಟ್ಟಿ ಬರುತ್ತವೆ. ಅವುಗಳ ಆರ್ಭಟಕ್ಕೇ ನಾಳ ಸೋರಿ, ಕಿಡ್ನಿ ಕೆಡುತ್ತದಂತೆ.

"ಹಂದಿ ಓಡ್ಸಾಕ ಹೋಗಿ ನಾವ ಭತ್ತ ತುಳದಂಗ?" ಅಂದೆ.

"ಹೌದಜ್ಜಾ, ಹಂಗ! ಆದ್ರ ಕಾಕಾಗ ಅದ ಜಡ್ಡು ಬಂದಿತ್ತು ಅಂತ ಖಂಡಿತ ಹೇಳಾಕ ಬರಲ್ಲ. ಆಗ ರಕ್ತ ಯಾರು ನೋಡ್ಯಾರ? ಇಲಿಯಿಂದ ಬರೋ ಜಡ್ಡು ಬ್ಯಾರೇನೂ ಅದಾವ. ಯಾವ್ದಾದ್ರೂ ಆಗ್ಲಿ, ಗಣಪ್ಪನ ಸಿಟ್ಟಂತೂ ಅಲ್ಲ."

ನನಗೆ ಕುಣಿಯುವಷ್ಟು ಖುಷಿ! ನಾಲ್ಕನೆಯ ಕ್ಲಾಸಿಗೇ ಸಾಲಿ ಬಿಟ್ಟವನು ನಾನು. ನನ್ನ ಮನೆಯ ಕೂಸು ಎಂಥ ಮಾತು ತಂದುಕೊಟ್ಟಿತು! ಚಪ್ಪಲಿ ಮೆಟ್ಟಿದವನೇ ಅವಳ ಕೈ ಹಿಡಿದು ಮಸ್ಕಿ ಬಸ್ಸು ಹತ್ತಿದೆ. ಚಿಗವ್ವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ.

ನಾನು ಹೇಳಿದ್ದೆಲ್ಲ ಕೇಳಿ ಮುದುಕಿ ನನ್ನ ಮುಂಗೈ ಹಿಡಿದಳು.

"ಹಂಗಾದ್ರ ಅವಂದೇನೂ ತಪ್ಪಿಲ್ಲನು?"

"ಇಲ್ಲಬೇ ಚಿಗವ್ವ, ಏನೂ ಇಲ್ಲ!"

"ಹಾಳಾದ ಇಲಿಗೋಳ್ನ ಇಷ್ಟೊರ್ಷ ಸಾಕೀನಲ್ಲೋ!" ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಯೂ ಬಾಗಿಲ ಹಿಂದೆ ಇಟ್ಟಿದ್ದ ಭತ್ತದ ತಟ್ಟೆಗೆ ಮೊಮ್ಮಗಳು ಧೂಳು ಏಳದಂತೆ ನೀರು ಸುರಿದಳು. ಅದೇ ಹುಳಿ ವಾಸನೆ ಎದ್ದಿತು.

"ಅವನ ಮೂಗು ಭಾಳ ಚುರುಕಿತ್ತು ಬಿಡು" ಅಂದಳು ಚಿಗವ್ವ.

ಅವನು ಹೋದಮೇಲೆ ಆ ಮೂಗಿನ ಮಾತನ್ನು ಅವಳು ಹೆಮ್ಮೆಯಿಂದ ಆಡಿದ್ದು ಅದೇ ಮೊದಲು. ಕೇಳಿ ಮೀಸೆಯ ಮಣ್ಣು ಒರೆಸಿಕೊಳ್ಳಲು ಅವನಿರಲಿಲ್ಲ...